ಸಾಕಿದ್ದಾ, ಬೀದೀದಾ?

ಚೀಟಿ ಬರೆಯುತ್ತಿದ್ದ ನರ್ಸ್ ತಲೆ ಎತ್ತದೆಯೇ ಕೇಳಿದರು. “ಕಚ್ಚಿದ ನಾಯಿ ಸಾಕಿದ್ದಾ, ಬೀದೀದಾ?”

ಬೆಂಚಿನ ಮೇಲೆ ಕಾಲು ಚಾಚಿಕೊಂಡು ಕೂತಿದ್ದ ಅಕ್ಕ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

“ಬೀದೀದು” ಅಂದೆ.

ನರ್ಸ್ ಟಿಕ್ ಹಾಕಿಕೊಂಡರು. ನಾನು ಹೇಳಿದ್ದು ಸುಳ್ಳೇನಲ್ಲ. ಹಾಗಂತ ನಿಜವೂ ಅಲ್ಲ. ನಾಲ್ಕು ವರ್ಷದಿಂದ ದಿನಾ ಬೆಳಗ್ಗೆ ಐದೂವರೆಗೆ, ಹಿಂದಿನ ರಾತ್ರಿಯ ಅನ್ನಕ್ಕೆ ಮೊಸರು ಕಲಸಿ ಗೇಟಿನ ಪಕ್ಕ ಆ ನಾಯಿಗೆ ಇಡುತ್ತಿದ್ದವಳು ನಾನೇ. ಕೆಂಚ ಅಂತ ಹೆಸರಿಟ್ಟವಳೂ ನಾನೇ.

ಅಕ್ಕ ಅಂದರೆ ನಮ್ಮ ಕ್ರಾಸ್ ಗುಡಿಸುವ ಪೌರಕಾರ್ಮಿಕರು. ಹನುಮಂತನಗರದ ಈ ಭಾಗಕ್ಕೆ ಅವರು ಬರಲು ಶುರುಮಾಡಿ ಹತ್ತು ವರ್ಷವಾದರೂ ಆಗಿರಬೇಕು. ನಾನು ಅವರನ್ನು ಅಕ್ಕ ಅನ್ನುತ್ತೇನೆ, ಅವರೂ ನನ್ನನ್ನು ಅಕ್ಕ ಅನ್ನುತ್ತಾರೆ. ಇಬ್ಬರಲ್ಲಿ ದೊಡ್ಡವರು ಯಾರು ಅನ್ನೋದು ಇವತ್ತಿಗೂ ಇತ್ಯರ್ಥವಾಗಿಲ್ಲ.

2025ರ ಜೂನ್. ರಾತ್ರಿಯೆಲ್ಲ ಮಳೆ ಸುರಿದು ಬೀದಿಯ ತುಂಬ ಹೊಂಗೆ ಎಲೆ. ಅಕ್ಕ ಆರು ಗಂಟೆಗೆ ಕಡ್ಡಿ ಪೊರಕೆ ಹಿಡಿದು ಬಂದಿದ್ದಾರೆ. ನಮ್ಮ ಗೇಟಿನ ಹತ್ತಿರ ಬಿದ್ದಿದ್ದ ಅಡಿಕೆ ಹಾಳೆ ತಟ್ಟೆ ಎತ್ತಲು ಬಗ್ಗಿದ್ದಾರೆ. ತಟ್ಟೆ ಖಾಲಿಯಾಗಿದೆ ಅಂತ ಅವರ ಲೆಕ್ಕ, ಇನ್ನೂ ಎರಡು ತುತ್ತು ಇದೆ ಅಂತ ಕೆಂಚನ ಲೆಕ್ಕ. ಮೀನಖಂಡಕ್ಕೆ ಬಾಯಿ ಹಾಕಿಬಿಟ್ಟ. ಎರಡು ಹಲ್ಲು ಚೆನ್ನಾಗಿಯೇ ಇಳಿದಿತ್ತು, ರಕ್ತ ಬರುತ್ತಿತ್ತು.

ಕೂಗು ಕೇಳಿ ಹೊರಗೆ ಓಡಿದಾಗ ಮೊದಲು ಬಂದ ಯೋಚನೆಯನ್ನು ಇಲ್ಲಿ ಬರೆದುಬಿಡುತ್ತೇನೆ. ‘ಅವನು ತಿನ್ನುವಾಗ ಇವರು ಯಾಕೆ ಕೈ ಹಾಕಿದರು?’ ಒಂದು ಕ್ಷಣ ಅಷ್ಟೇ. ಆದರೂ ಬಂದಿದ್ದು ನಿಜ. ಆಮೇಲೆ ನಾಚಿಕೆಯಾಯಿತು.

ಅಂಗಳದ ನಲ್ಲಿ ತಿರುಗಿಸಿ ಸೋಪು ಹಚ್ಚಿ ತೊಳೆಸಿದೆ. ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ನಾವು ಸಾಮಾನ್ಯವಾಗಿ ಎರಡು ನಿಮಿಷಕ್ಕೆ ಸಾಕು ಅಂದುಬಿಡುತ್ತೇವೆ. ರೇಬೀಸ್ ರೋಗದ ವಿಷಯದಲ್ಲಿ ನೀರು ಸೋಪೇ ಅರ್ಧ ಮದ್ದು. ಅಷ್ಟರಲ್ಲಿ ನಮ್ಮ ಅತ್ತೆ ಒಂದು ಕೈಯಲ್ಲಿ ಅರಿಶಿನ, ಇನ್ನೊಂದು ಕೈಯಲ್ಲಿ ಕಾಫಿ ಪುಡಿ ಹಿಡಿದು ಬಂದರು. ಬೇಡ ಅಂತ ಅವರನ್ನು ಒಪ್ಪಿಸೋಕೆ ಇನ್ನೈದು ನಿಮಿಷ ಹೋಯಿತು. ಆಟೊ ಹಿಡಿದೆವು.

ಮೊದಲು ಹೋದ ಕಡೆ ಲಸಿಕೆ ಇತ್ತು, ಸೀರಮ್ ಇರಲಿಲ್ಲ. ರಕ್ತ ಬರುವಂತೆ ಕಚ್ಚಿದರೆ ಅದು ಮೂರನೇ ದರ್ಜೆಯ ಗಾಯ. ಅದಕ್ಕೆ ಬರೀ ಲಸಿಕೆ ಸಾಲದು. ಲಸಿಕೆ ಮೈಯಲ್ಲಿ ಕೆಲಸ ಶುರುಮಾಡಲು ಕೆಲವು ದಿನ ಬೇಕು. ಅಲ್ಲಿಯವರೆಗೆ ರಕ್ಷಣೆ ಇರಲಿ ಅಂತ ಇಮ್ಯುನೊಗ್ಲಾಬುಲಿನ್ ಅನ್ನೋ ಸೀರಮ್ಮನ್ನು ಗಾಯದ ಒಳಕ್ಕೇ ಚುಚ್ಚುತ್ತಾರೆ. ಎರಡನೇ ಆಸ್ಪತ್ರೆಯಲ್ಲಿ ಸಿಕ್ಕಿತು. ಅಕ್ಕ ಪಕ್ಕದಲ್ಲಿದ್ದ ನನ್ನ ಕೈ ಹಿಡಿದು ಎಷ್ಟು ಗಟ್ಟಿಯಾಗಿ ಅದುಮಿದರು ಅಂದರೆ, ನನ್ನ ಬಳೆ ಒಂದು ಒಡೆಯಿತು. ಆ ನರ್ಸಿನ ಪ್ರಶ್ನೆ ಬಂದಿದ್ದು ಈ ಎರಡನೇ ಆಸ್ಪತ್ರೆಯಲ್ಲಿ.

ವಾಪಸ್ ಬರುವಾಗ ಆಟೊದಲ್ಲಿ ಅಕ್ಕ ಸುಮ್ಮನಿದ್ದರು. ಮನೆ ಹತ್ತಿರ ಬಂದಾಗ ಮಾತ್ರ ಒಂದು ಮಾತು. “ಅಲ್ಲಕ್ಕಾ, ಬೀದೀದು ಅಂದ್ರಲ್ಲ. ಬೀದೀದು ಅಂದ್ರೆ ಯಾರ್ದು?”

ಡಾಕ್ಟರು ಒಂದು ಕೆಲಸ ಹೇಳಿ ಕಳಿಸಿದ್ದರು. ಲಸಿಕೆ ನಿಲ್ಲಿಸೋ ಹಾಗಿಲ್ಲ. ಇವತ್ತು ಒಂದು, ಮೂರನೇ ದಿನ, ಏಳನೇ ದಿನ, 28ನೇ ದಿನ. ಜೊತೆಗೆ ಆ ನಾಯಿಯನ್ನು ಹತ್ತು ದಿನ ನೋಡುತ್ತಾ ಇರಬೇಕು. ರೇಬೀಸ್ ವೈರಸ್ ನಾಯಿಯ ಜೊಲ್ಲಿಗೆ ಬರುವುದು ಅದರ ಕೊನೆಯ ದಿನಗಳಲ್ಲಿ. ಕಚ್ಚಿದ ಹೊತ್ತಿಗೆ ಜೊಲ್ಲಿನಲ್ಲಿ ವೈರಸ್ ಇದ್ದಿದ್ದರೆ ಆ ನಾಯಿ ಹತ್ತು ದಿನ ಬದುಕುವುದಿಲ್ಲ. ಹತ್ತು ದಿನ ಆದಮೇಲೂ ಬಾಲ ಅಲ್ಲಾಡಿಸಿಕೊಂಡು ಓಡಾಡುತ್ತಿದ್ದರೆ ಆ ಭಯ ಬಿಡಬಹುದು.

ಸಾಕಿದ ನಾಯಿಯಾದರೆ ಇದು ಸುಲಭ. ಯಜಮಾನರು ಕಟ್ಟಿಹಾಕಿ ನೋಡುತ್ತಾರೆ. ಬೀದಿ ನಾಯಿಯಾದರೆ ಯಾರು ನೋಡಬೇಕು? ಅದಕ್ಕೆ ಚೀಟಿಯಲ್ಲಿ ಚೌಕ ಇರಲಿಲ್ಲ.

ನಮ್ಮ ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಕೆಂಚನ ಲೆಕ್ಕ ಶುರುವಾಯಿತು. ಕಂಡರೆ ಒಂದು ಟಿಕ್. ನೀರು ಕುಡಿದರೆ ಇನ್ನೊಂದು. ಒಂದನೇ ದಿನ, ಎರಡನೇ ದಿನ, ಮೂರನೇ ದಿನ ಸರಿ. ನಾಲ್ಕನೇ ದಿನ ಕೆಂಚ ಇಲ್ಲ.

ಮಳೆಯಲ್ಲಿ ಕೊಡೆ ಹಿಡಿದು ಹುಡುಕಿದೆ. ಮೋರಿ ಚಪ್ಪಡಿ ಕೆಳಗೆ, ನಿಂತ ಲಾರಿ ಕೆಳಗೆ, ಶಾಲೆಯ ಕಾಂಪೌಂಡಿನ ಸಂದಿಯಲ್ಲಿ ಎಲ್ಲಾ ಬಗ್ಗಿ ನೋಡಿದೆ. ಐವತ್ತರ ಹೆಂಗಸು “ಕೆಂಚಾ, ಕೆಂಚಾ” ಅಂತ ಬೀದಿ ಬೀದಿ ಕೂಗಿಕೊಂಡು ಹೋದರೆ ಜನ ಹೇಗೆ ನೋಡುತ್ತಾರೆ ಅನ್ನೋದು ಅವತ್ತು ಗೊತ್ತಾಯಿತು. ಕೊನೆಗೆ ಎರಡು ಕ್ರಾಸ್ ಆಚೆ, ಮಟನ್ ಅಂಗಡಿ ಮುಂದೆ ಸಿಕ್ಕಿದ. ಅಲ್ಲಿ ಅವನ ಹೆಸರು ಟೈಗರ್. ಅಂಗಡಿಯವರು ನನ್ನನ್ನು ಅನುಮಾನದಿಂದ ನೋಡಿ, “ಇದು ನಮ್ಮ ಏರಿಯಾದ್ದು ಮೇಡಂ, ಐದು ವರ್ಷದಿಂದ ಇಲ್ಲೇ ಇದೆ” ಅಂದರು. ಆಮೇಲೆ ಗೊತ್ತಾಯಿತು, ಮೂಲೆ ಮನೆಯ ಪಿಜಿ ಹುಡುಗಿಯರು ಅವನಿಗೆ ರಾಜಾ ಅಂತ ಕರೆದು ಪಾರ್ಲೆ-ಜಿ ಹಾಕುತ್ತಾರಂತೆ.

ಮೂರು ಹೆಸರು, ಮೂರು ಕಡೆ ಊಟ. ಸೂಜಿ ಹಾಕಿಸಿದವರು ಮಾತ್ರ ಮೂವರಲ್ಲಿ ಒಬ್ಬರೂ ಇಲ್ಲ. ಇನ್ನೊಬ್ಬರು ಹಾಕಿಸಿರುತ್ತಾರೆ ಅಂತ ಅವರವರ ಪಾಡಿಗೆ ನಂಬಿಕೊಂಡಿದ್ದೆವು ಅನ್ನೋದಕ್ಕೂ ಆಗಲ್ಲ. ನಾವು ಮೂವರಿದ್ದೇವೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ.

ಹತ್ತನೇ ದಿನ ಬೆಳಗ್ಗೆ ಕೆಂಚ ಗೇಟಿನ ಮುಂದೆ ಕೂತು ಚಿಗಟ ಕೆರೆದುಕೊಳ್ಳುತ್ತಿದ್ದ. ನಾನು ಅಕ್ಕನಿಗೆ ಫೋನ್ ಮಾಡಿ, “ಬದುಕಿದಾನೆ” ಅಂದೆ. “ಅವನು ಬದುಕ್ಲಿ ಬಿಡಕ್ಕಾ, ನಾನು ಬದುಕಿದೀನಾ ಕೇಳಿ” ಅಂದರು.

ಅಕ್ಕನ ಪ್ರಶ್ನೆ ಹೋಗಲಿಲ್ಲ. ಕಾನೂನು ಏನು ಹೇಳುತ್ತೆ ನೋಡೋಣ ಅಂತ ಕೂತೆ. ನಾಯಿಗಳ ಬಗ್ಗೆ ಈ ಊರಿನಲ್ಲಿ ಕಾನೂನು ಕಮ್ಮಿ ಇದೆ ಅಂತ ಯಾರೂ ಅನ್ನೋ ಹಾಗಿಲ್ಲ.

ಮನೆಯೊಳಗಿನ ನಾಯಿಯ ವಿಷಯ ಮೊದಲು. ನಮ್ಮ ಮನೇಲೂ ಒಬ್ಬಳಿದ್ದಾಳೆ, ರಾಣಿ. ಬೆಂಗಳೂರಿನಲ್ಲಿ ನಾಯಿ ಸಾಕಿದರೆ ಪಾಲಿಕೆಯ ಲೈಸೆನ್ಸ್ ಬೇಕು. ವರ್ಷಕ್ಕೆ 110 ರೂಪಾಯಿ ಇದ್ದ ಫೀಸು. ಈಗ ಅದಕ್ಕೆ ಎರಡು ಮಸಾಲೆ ದೋಸೆಯೂ ಬರಲ್ಲ. ನಾನು ರಾಣಿಗೆ 2016ರಲ್ಲಿ ಒಂದು ಸಲ ಮಾಡಿಸಿದ್ದೆ. ಆಮೇಲೆ ನವೀಕರಣ ಮಾಡಿಸಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೋಗಲಿಲ್ಲ. ಗಾಡಿಯ ಇನ್ಶೂರೆನ್ಸ್ ಒಂದು ದಿನ ತಪ್ಪಿದರೆ ಒದ್ದಾಡುವವಳು ನಾನು.

2018ರಲ್ಲಿ ಆಗಿನ ಪಾಲಿಕೆ ಬಿಬಿಎಂಪಿ ಹೊಸ ನಿಯಮ ತಂದಿದ್ದು ನಿಮಗೂ ನೆನಪಿರಬಹುದು. ಫ್ಲ್ಯಾಟಿಗೆ ಒಂದೇ ನಾಯಿ, ಸ್ವಂತ ಮನೆಗೆ ಮೂರು. ಫ್ಲ್ಯಾಟಿನಲ್ಲಿ ಯಾವ ತಳಿ ಇರಬಹುದು ಅಂತ ಒಂದು ಪಟ್ಟಿ ಬೇರೆ. ಊರೆಲ್ಲ ಗಲಾಟೆಯಾಗಿ ಅದು ಅಲ್ಲಿಗೇ ನಿಂತಿತು. ನಾನೂ ಅವತ್ತು ಜೋರಾಗಿ ವಿರೋಧಿಸಿದ್ದೆ. ಈಗ ಯೋಚಿಸಿದರೆ ಆ ನಿಯಮದಲ್ಲಿ ಸರಿಯಿಲ್ಲದ್ದು ಎಷ್ಟೋ ಇತ್ತು, ಆದರೆ ನಾವು ವಿರೋಧ ಮಾಡಿದ್ದು ಇಡೀ ಲೈಸೆನ್ಸನ್ನೇ ಮರೆಯುವುದಕ್ಕೆ ನೆಪವಾಯಿತು. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳನ್ನು ಸಾಕಬಾರದು ಅಂತ ಸುತ್ತೋಲೆ ಹೊರಡಿಸಿತು. ಏಪ್ರಿಲ್ 10ಕ್ಕೆ ನಮ್ಮ ಹೈಕೋರ್ಟೇ ಅದನ್ನು ರದ್ದು ಮಾಡಿತು. ಎಣಿಕೆಯ ನಿಯಮವೂ ಉಳಿಯಲಿಲ್ಲ, ತಳಿಯದ್ದೂ ಉಳಿಯಲಿಲ್ಲ.

ಅಪಾರ್ಟ್‌ಮೆಂಟುಗಳ ಜಗಳವನ್ನು ಬಿಡುತ್ತೇನೆ, ಅದೇ ಒಂದು ಪುರಾಣ. ಸಂಘಗಳು ನಾಯಿ ಸಾಕುವುದನ್ನೇ ನಿಷೇಧಿಸುವ ಹಾಗಿಲ್ಲ, ಲಿಫ್ಟಿನಲ್ಲಿ ಬರಬೇಡಿ ಅನ್ನೋ ಹಾಗಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಚೈನು ಹಾಕದೆ ಬಿಡಬೇಡಿ, ಹೇಸಿಗೆ ಬಳಿದು ಹಾಕಿ ಅಂತಲೂ ಹೇಳಿದೆ. ಲಿಫ್ಟಿನ ಸಾಲು ಎಲ್ಲರಿಗೂ ಬಾಯಿಪಾಠ.

ನನಗೆ ಬೇಕಿದ್ದಿದ್ದು ಕೆಂಚನ ವಿಷಯ.

ನಾನು ಚಿಕ್ಕವಳಿದ್ದಾಗ ಇದಕ್ಕೊಂದು ಕ್ರೂರವಾದ, ಸರಳವಾದ ಉತ್ತರ ಇತ್ತು. ದೊಡ್ಡಪ್ಪನ ನಾಯಿಯ ಕೊರಳಲ್ಲಿ ಒಂದು ಲೋಹದ ಬಿಲ್ಲೆ ಇರುತ್ತಿತ್ತು. ಬಿಲ್ಲೆ ಇದ್ದರೆ ಅದು ಯಾರದೋ ನಾಯಿ. ಇಲ್ಲದಿದ್ದರೆ ಕಾರ್ಪೊರೇಷನ್ ಗಾಡಿ ಬಂದಾಗ ಅದರ ಕತೆ ಮುಗಿಯಿತು. ಗಾಡಿ ಬಂತು ಅಂದರೆ ಮಕ್ಕಳೆಲ್ಲ ಬೀದಿ ನಾಯಿಗಳನ್ನು ಅಟ್ಟಕ್ಕೆ, ಬಚ್ಚಲಿಗೆ ಸೇರಿಸಿ ಬಾಗಿಲು ಹಾಕುತ್ತಿದ್ದೆವು. ಬೊಗಳಬಾರದು ಅಂತ ಬಾಯಿ ಹಿಡಿದು ಕೂತಿದ್ದೂ ಇದೆ. ಒಂದೂ ಕಚ್ಚಲಿಲ್ಲ. ಈಗ ನೆನೆದರೆ ಮೈ ಜುಮ್ಮೆನ್ನುತ್ತೆ.

2001ರಲ್ಲಿ ದೇಶಕ್ಕೆಲ್ಲ ಒಂದು ನಿಯಮ ಬಂತು. ಬೀದಿ ನಾಯಿ ಕೊಲ್ಲಬೇಡಿ, ಹಿಡಿದು ಸಂತಾನಹರಣ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಿ. ಇದರ ಹಿಂದಿನ ಲೆಕ್ಕ ಸುಲಭ. ನಾಯಿಗೆ ಬೀದಿಯ ಗಡಿ ಇರುತ್ತೆ. ಇರುವ ನಾಯಿಗಳನ್ನು ತೆಗೆದರೆ ಆ ಜಾಗಕ್ಕೆ ಬೇರೆ ನಾಯಿಗಳು ಬರುತ್ತವೆ, ಲಸಿಕೆ ಇಲ್ಲದವು, ಮರಿ ಹಾಕುವವು. ಲಸಿಕೆ ಆದ ನಾಯಿಯೇ ಅಲ್ಲಿದ್ದರೆ ಹೊರಗಿನದನ್ನು ಅದೇ ಓಡಿಸುತ್ತೆ. ಆಪರೇಷನ್ ಆದ ಗುರುತಿಗೆ ಕಿವಿಯ ತುದಿ ಕತ್ತರಿಸುತ್ತಾರೆ. ನಿಮ್ಮ ಬೀದಿಯಲ್ಲಿ ತುದಿ ಕತ್ತರಿಸಿದ ಕಿವಿಯ ನಾಯಿ ಕಂಡರೆ ಅದು ಜಗಳದ ಗಾಯವಲ್ಲ, ಅದರ ಸರ್ಟಿಫಿಕೇಟು.

ಕೆಲಸ ಆಗೇ ಇಲ್ಲ ಅನ್ನೋ ಮಾತು ನ್ಯಾಯವಲ್ಲ. 2019ರಲ್ಲಿ ಪಾಲಿಕೆ ಎಣಿಸಿದಾಗ ಊರಿನಲ್ಲಿ ಸುಮಾರು 3.10 ಲಕ್ಷ ಬೀದಿ ನಾಯಿಗಳಿದ್ದವು. 2023ರಲ್ಲಿ 2.79 ಲಕ್ಷ. ಇಷ್ಟು ಬೆಳೆಯುತ್ತಿರುವ ಊರಿನಲ್ಲಿ, ಇಷ್ಟು ಕಸದ ನಡುವೆ, ಇದು ಕಮ್ಮಿ ಸಾಧನೆಯಲ್ಲ. ಆದರೆ 2007ರಲ್ಲಿ ಒಂದೆರಡು ತಿಂಗಳ ಅಂತರದಲ್ಲಿ ಇಬ್ಬರು ಪುಟ್ಟ ಮಕ್ಕಳು ನಾಯಿಗಳ ಬಾಯಿಗೆ ಸಿಕ್ಕಿ ಸತ್ತಿದ್ದನ್ನು ಈ ಊರು ನೋಡಿದೆ. 2024ರ ಆಗಸ್ಟಿನಲ್ಲಿ ಜಾಲಹಳ್ಳಿ ಕಡೆ ಬೆಳಗ್ಗೆ ವಾಕಿಂಗ್ ಹೋದ 76 ವರ್ಷದ ಹೆಂಗಸು ಮನೆಗೆ ವಾಪಸ್ ಬರಲಿಲ್ಲ. ಅಂಥ ಮನೆಯವರ ಮುಂದೆ 3.10, 2.79 ಅಂತ ಲೆಕ್ಕ ಹೇಳುವ ಮುಖ ನನಗಿಲ್ಲ.

2023ರ ಮಾರ್ಚಿನಲ್ಲಿ 2001ರ ನಿಯಮ ಹೋಗಿ ಹೊಸದು ಬಂತು. ಅದರಲ್ಲಿ ಒಂದು ಹೊಸ ಮಾತಿದೆ, ಸಮುದಾಯ ಪ್ರಾಣಿ. ಸಮುದಾಯದಲ್ಲಿ ಹುಟ್ಟಿದ, ತಮ್ಮದು ಅಂತ ಯಾವ ವ್ಯಕ್ತಿಯೂ ಸಂಸ್ಥೆಯೂ ಹೇಳದ ಪ್ರಾಣಿ. ಓದಿ ನಕ್ಕೆ. ಅಕ್ಕನ ಪ್ರಶ್ನೆಗೆ ಕಾನೂನು ಕೊಟ್ಟ ಉತ್ತರ ಇದು: ಎಲ್ಲರದ್ದು, ಯಾರೂ ನಂದು ಅನ್ನದೆ ಇದ್ದದ್ದು. ಇನ್ನೊಂದು ಕಡೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿದೆ. ನಿಮ್ಮ ವಶದಲ್ಲಿರುವ ಪ್ರಾಣಿಯಿಂದ ಇನ್ನೊಬ್ಬರಿಗೆ ಅಪಾಯ ಆಗದಂತೆ ನೋಡಿಕೊಳ್ಳದಿದ್ದರೆ ಆರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವಶ ಅಂದರೇನು? ಕೆಂಚ ನನ್ನ ವಶದಲ್ಲಿದ್ದನಾ? ಅವನ ಹೊಟ್ಟೆ ಇತ್ತು. ಕಾಲು ನಾಲ್ಕೂ ಇರಲಿಲ್ಲ.

ಆಗಸ್ಟಿನಲ್ಲಿ ನಮ್ಮ ಬಡಾವಣೆ ಸಂಘದ ಸಭೆ ಸೇರಿತು. ಗಣೇಶನ ಹಬ್ಬ 27ಕ್ಕೆ, ಚಂದಾ ಎಷ್ಟು, ಪೆಂಡಾಲ್ ಎಲ್ಲಿ ಅಂತ ತೀರ್ಮಾನ ಮಾಡೋಕೆ ಕರೆದ ಸಭೆ. ಗಣೇಶನ ಮಾತು ಹತ್ತು ನಿಮಿಷಕ್ಕೆ ಮುಗಿದು ಉಳಿದ ಎರಡು ಗಂಟೆ ನಾಯಿ.

ಆ ತಿಂಗಳು ಹಾಗೇ ಇತ್ತಲ್ಲ. ಆಗಸ್ಟ್ 11ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ, ದೆಹಲಿ ಸುತ್ತಮುತ್ತಲಿನ ಬೀದಿ ನಾಯಿಗಳನ್ನೆಲ್ಲ ಹಿಡಿದು ಆಶ್ರಯ ಕೇಂದ್ರಕ್ಕೆ ಹಾಕಿ, ವಾಪಸ್ ಬಿಡಬೇಡಿ ಅಂದಿತ್ತು. 22ಕ್ಕೆ ಮೂವರ ಪೀಠ ಅದನ್ನು ಬದಲಿಸಿತು. ಆಪರೇಷನ್, ಲಸಿಕೆ ಮಾಡಿ ಹಿಡಿದ ಜಾಗದಲ್ಲೇ ಬಿಡಿ, ರೇಬೀಸ್ ಇರುವುದನ್ನೂ ಮೇಲೆ ಬೀಳುವುದನ್ನೂ ಬಿಡಬೇಡಿ, ಬೀದಿಯಲ್ಲಿ ಎಲ್ಲೆಂದರಲ್ಲಿ ಊಟ ಹಾಕಬೇಡಿ, ವಾರ್ಡಿಗೆ ಇಂಥ ಜಾಗ ಅಂತ ಗೊತ್ತುಮಾಡಿ. ಸಭೆ ನಡೆದದ್ದು 24ನೇ ತಾರೀಕು, ಭಾನುವಾರ. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರ ಕೈಯಲ್ಲಿ 12ರ ಪೇಪರ್ ಕಟಿಂಗ್. ಪಿಜಿ ಹುಡುಗಿಯ ಫೋನಿನಲ್ಲಿ 22ರ ಸುದ್ದಿ. ಇಬ್ಬರೂ ಸುಪ್ರೀಂ ಕೋರ್ಟ್ ಹೇಳಿದೆ ಅಂತಲೇ ಕಿರುಚಾಡಿದರು.

“ತೆರಿಗೆ ಕಟ್ಟೋರು ನಾವು, ಚಿಕನ್ ರೈಸ್ ನಾಯಿಗೆ” ಅಂದರು ಒಬ್ಬರು. ಜುಲೈನಲ್ಲಿ ಬಿಬಿಎಂಪಿ ಸುಮಾರು 5,000 ಬೀದಿ ನಾಯಿಗಳಿಗೆ ದಿನಕ್ಕೊಂದು ಊಟ ಹಾಕಲು ಟೆಂಡರ್ ಕರೆದಿತ್ತು. ವರ್ಷಕ್ಕೆ 2.88 ಕೋಟಿ ರೂಪಾಯಿ. ಒಂದು ನಾಯಿಗೆ 150 ಗ್ರಾಂ ಕೋಳಿ ಮಾಂಸ, 100 ಗ್ರಾಂ ಅಕ್ಕಿ, ತರಕಾರಿ, ಎಣ್ಣೆ. ನನಗಂತೂ ಅದು ಅಷ್ಟು ನಗುವ ವಿಷಯ ಅನ್ನಿಸಿರಲಿಲ್ಲ. ಹೊಟ್ಟೆ ತುಂಬಿದ ನಾಯಿ ಹತ್ತಿರ ಬರುತ್ತೆ, ಹತ್ತಿರ ಬಂದದ್ದನ್ನು ಹಿಡಿಯುವುದು ಸುಲಭ, ಸೂಜಿ ಹಾಕುವುದೂ ಸುಲಭ. ಆದರೆ ಸಭೆಯಲ್ಲಿ ಇದನ್ನು ಹೇಳಲು ಬಾಯಿ ಬರಲಿಲ್ಲ. ಕಚ್ಚಿದ ನಾಯಿಗೆ ಊಟ ಹಾಕುತ್ತಿದ್ದವಳು ಯಾರು ಅಂತ ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಕ್ಕ ಬಾಗಿಲ ಹತ್ತಿರ ನಿಂತಿದ್ದರು. ಹಬ್ಬದ ಕಾಸು ಕೇಳಲು ಬಂದವರು ಜಗಳ ಮುಗಿಯಲಿ ಅಂತ ಕಾಯುತ್ತಿದ್ದರು. ಎರಡು ಗಂಟೆ ನಾಯಿ ಕಡಿತದ ಬಗ್ಗೆ ಮಾತಾಡಿದ ನಾವು, ಕಡಿಸಿಕೊಂಡ ಒಬ್ಬರೇ ಒಬ್ಬರನ್ನು ಏನೂ ಕೇಳಿರಲಿಲ್ಲ. ಕೊನೆಗೆ ಕಾರ್ಯದರ್ಶಿಗಳು, “ನೀವೇನಮ್ಮಾ ಹೇಳ್ತೀರಿ, ಹಿಡಿಸಿಬಿಡೋಣ್ವಾ?” ಅಂದರು.

“ನಾಯಿ ಬೇಡ ಅಂತಿಲ್ಲ ಸಾರ್” ಅಂದರು ಅಕ್ಕ. “ತಟ್ಟೆ ಹಾಕಿದೋರು ತಟ್ಟೆ ಎತ್ಲಿ.”

ಮನೆಗೆ ಬಂದು 2023ರ ನಿಯಮದ 20ನೇ ಕಲಮನ್ನು ಇನ್ನೊಮ್ಮೆ ಓದಿದೆ. ಸಮುದಾಯ ಪ್ರಾಣಿಗೆ ಊಟ ಹಾಕುವವರ ಬಗ್ಗೆ ಅದು. ಮಕ್ಕಳು ಆಡುವ ಜಾಗ, ಮೆಟ್ಟಿಲು, ಬಾಗಿಲು ಬಿಟ್ಟು ದೂರ ಹಾಕಬೇಕು. ಮಕ್ಕಳು, ವಯಸ್ಸಾದವರು ಓಡಾಡದ ಹೊತ್ತು ನೋಡಬೇಕು. ಊಟ ಹಾಕಿದವರೇ ಆ ಜಾಗದಲ್ಲಿ ಗಲೀಜು ಆಗದಂತೆ ನೋಡಿಕೊಳ್ಳಬೇಕು. ಅಕ್ಕ ಹೇಳಿದ್ದೂ ಅದೇ, ನಾಲ್ಕೇ ಪದದಲ್ಲಿ. ನಾನು ನಾಲ್ಕು ವರ್ಷದಿಂದ ಪುಣ್ಯ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಪುಣ್ಯ ನನ್ನದು, ಹಾಳೆ ತಟ್ಟೆ ಅಕ್ಕನದ್ದು. ದಿನಾ ಬಗ್ಗಿ ಎತ್ತುತ್ತಿದ್ದವರು ಅವರು. ಅದನ್ನು ನಾನು ಒಂದು ದಿನವೂ ಗಮನಿಸಿರಲಿಲ್ಲ.

ಆ ರಾತ್ರಿ ಒಂದು ಕಲ್ಲು ನೆನಪಾಯಿತು. ಕಬ್ಬನ್ ಪಾರ್ಕಿನ ಪಕ್ಕ, ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಶಾಸನ ಇದೆ. ಕ್ರಿ.ಶ. 949-50ರದ್ದು. ಮಂಡ್ಯ ಜಿಲ್ಲೆಯ ಮದ್ದೂರಿನ ಕಡೆಯಿಂದ ಬಂದದ್ದು. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಗೆದ್ದ ಮೇಲೆ ಗಂಗ ದೊರೆ ಬೂತುಗ ತನ್ನ ಬಂಟ ಮಣಲೆರನಿಗೆ, ಏನು ಬೇಕು ಕೇಳು ಅಂದನಂತೆ. ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ‘ಕಾಳಿ’ ಅನ್ನೋ ಬೇಟೆ ನಾಯಿಯನ್ನು ಕೇಳಿ ಪಡೆದ. ಆ ಕಾಳಿ ಬೆಳತೂರಿನ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತು, ಕಾಳಿಯೂ ಸತ್ತಿತು. ಮಣಲೆರ ಆತಕೂರಿನ ದೇವಸ್ಥಾನದ ಮುಂದೆ ಕಾಳಿಗೆ ಕಲ್ಲು ನೆಡಿಸಿದ. ನಾಯಿಯೂ ಹಂದಿಯೂ ಹೋರಾಡುವ ಚಿತ್ರ ಆ ಕಲ್ಲಿನಲ್ಲೇ ಇದೆ.

ನಾಯಿಗೆ ವೀರಗಲ್ಲು ಅಂತ ಎಲ್ಲರೂ ಹೇಳುವುದು ಇಷ್ಟನ್ನೇ. ನನಗೆ ನೆನಪಾಗಿದ್ದು ಅದರ ಕೊನೆಯ ಮಾತು. ಮಣಲೆರ ಕಲ್ಲಿನ ಜೊತೆಗೆ ಜಮೀನೂ ಬಿಟ್ಟ. ಆ ಜಾಗ ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ, ನಾಯಿ ಮಾಡಿದ ಪಾಪವೆಲ್ಲ ಅವನ ತಲೆಗೆ. ಸತ್ತ ನಾಯಿಯನ್ನು ನೋಡಿಕೊಳ್ಳಲೂ ಒಬ್ಬ ಆಳು, ಅವನಿಗೆ ಒಂದು ತುಂಡು ಭೂಮಿ, ತಪ್ಪಿದರೆ ಶಿಕ್ಷೆ. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ತಪ್ಪಿಗೆ ದಂಡ ಇವತ್ತಿಗೂ 10ರಿಂದ 50 ರೂಪಾಯಿ. ಗೊರವನ ಪಾಪವೇ ಜಾಸ್ತಿ ದುಬಾರಿ.

ಮಾರನೇ ದಿನ ಮಟನ್ ಅಂಗಡಿಯವರನ್ನೂ ಪಿಜಿ ಹುಡುಗಿಯರನ್ನೂ ನಮ್ಮ ಮನೆಗೆ ಕಾಫಿಗೆ ಕರೆದೆ. ಟೈಗರ್, ರಾಜಾ, ಕೆಂಚ ಮೂವರೂ ಒಬ್ಬನೇ ಅಂತ ಅಧಿಕೃತವಾಗಿ ತೀರ್ಮಾನವಾಯಿತು. ಹೆಸರು ಯಾವುದು ಇಟ್ಟುಕೊಳ್ಳೋದು ಅನ್ನೋದು ತೀರ್ಮಾನವಾಗಲಿಲ್ಲ. ಊಟ ರಾತ್ರಿ ಒಂಬತ್ತೂವರೆಗೆ, ಒಂದೇ ಸಲ. ಜಾಗ, ಟ್ರಾನ್ಸ್‌ಫಾರ್ಮರ್ ಆಚೆಯ ಖಾಲಿ ಸೈಟಿನ ಗೋಡೆ ಪಕ್ಕ. ಹಾಳೆ ತಟ್ಟೆ ಬೇಡ, ಸ್ಟೀಲ್ ತಟ್ಟೆ. ತಿನ್ನುವವರೆಗೆ ಅಲ್ಲೇ ನಿಂತಿದ್ದು, ತಟ್ಟೆ ಎತ್ತಿಕೊಂಡು ಬರಬೇಕು. ಮನೆಗೆ ಎರಡೆರಡು ದಿನ, ಭಾನುವಾರ ಅಂಗಡಿಯವರದ್ದು. ಭಾನುವಾರ ಕೆಂಚನ ಊಟ ಏನು ಅಂತ ನಾನು ಕೇಳಲು ಹೋಗಿಲ್ಲ.

ನಿಂತಿರೋದೇ ಕಷ್ಟ ಅಂತ ಮೊದಲ ವಾರ ಗೊತ್ತಾಯಿತು. ಇಟ್ಟು ಬರುವುದು ಅರ್ಧ ನಿಮಿಷದ ಕೆಲಸ. ನಿಂತರೆ ಹದಿನೈದು ನಿಮಿಷ. ಆ ಹದಿನೈದು ನಿಮಿಷದಲ್ಲೇ ಅವನ ಹಿಂಗಾಲು ಸ್ವಲ್ಪ ಕುಂಟುವುದು, ಎಡಗಡೆಯಿಂದ ಯಾರಾದರೂ ಬಂದರೆ ಬೆಚ್ಚಿಬೀಳುವುದು ಕಂಡಿದ್ದು. ಎಡಗಣ್ಣು ಅವನಿಗೆ ಸರಿಯಾಗಿ ಕಾಣಲ್ಲ. ಜೂನಿನಲ್ಲಿ ಅಕ್ಕ ಬಗ್ಗಿದ್ದು ಎಡಗಡೆಯಿಂದ ಇರಬೇಕು. ಕೇಳಿದೆ. ಹೌದಂತೆ.

ರಾಣಿಗೂ ಹೊಸದಾಗಿ ಲೈಸೆನ್ಸ್ ಮಾಡಿಸೋಣ ಅಂತ ಹೊರಟೆ. ಅಷ್ಟರಲ್ಲಿ ಸೆಪ್ಟೆಂಬರ್ ಬಂತು, ಬಿಬಿಎಂಪಿಯೇ ಹೋಯಿತು. ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ. ನಾಯಿ ಹಿಡಿದು ಆಪರೇಷನ್ ಮಾಡಿ ಅಂತ ಜೂನಿನಲ್ಲಿ ಕೊಟ್ಟಿದ್ದ ನಮ್ಮ ಅರ್ಜಿ ಎಲ್ಲಿದೆ ಅಂತ ಕೇಳಿದರೆ, ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಕೈ ತೋರಿಸಿದರು. ತಪ್ಪು ಅವರದ್ದೂ ಅಲ್ಲ ಬಿಡಿ, ಅವರ ಮೇಜು ಯಾವ ಪಾಲಿಕೆಗೆ ಸೇರುತ್ತೆ ಅಂತ ಅವರಿಗೇ ಇನ್ನೂ ಗೊತ್ತಾಗಬೇಕಿತ್ತು.

ನವೆಂಬರ್ 7ಕ್ಕೆ ಸುಪ್ರೀಂ ಕೋರ್ಟ್ ಮತ್ತೆ ಆದೇಶ ಕೊಟ್ಟಿತು. ಶಾಲೆ ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳ ಒಳಗಿನ ನಾಯಿಗಳನ್ನು ತೆಗೆಯಿರಿ, ಬೇಲಿ ಹಾಕಿ, ಅಲ್ಲಿಂದ ಹಿಡಿದದ್ದನ್ನು ಅಲ್ಲಿಗೇ ಮತ್ತೆ ಬಿಡಬೇಡಿ. ಮಕ್ಕಳಿರುವ ಕಡೆ ನಾಯಿ ಹಿಂಡು ಇರಬಾರದು ಅನ್ನೋದರಲ್ಲಿ ನನಗೆ ಜಗಳವಿಲ್ಲ. ಆದರೆ ಕೆಂಚ ಹಗಲು ಮಲಗುವುದು ನಮ್ಮ ಕ್ರಾಸಿನ ಶಾಲೆಯ ಕಾಂಪೌಂಡಿನ ಸಂದಿಯಲ್ಲಿ. ತಲೆ ಬೀದಿಗೆ, ಬಾಲ ಶಾಲೆಗೆ. ಅವನು ಒಳಗಾ, ಹೊರಗಾ? ಮತ್ತೆ ಒಂದು ಚೌಕ.

ಡಿಸೆಂಬರಿನ ಒಂದು ಬೆಳಗ್ಗೆ ಗಾಡಿ ಬಂದೇ ಬಂತು. ಬಲೆ ಹಿಡಿದ ಇಬ್ಬರು, ಪುಸ್ತಕ ಹಿಡಿದ ಒಬ್ಬ ಹುಡುಗ. ಅಕ್ಕನೇ ನಮ್ಮ ಗೇಟು ಬಡಿದು ಹೇಳಿದರು. “ಅಕ್ಕಾ, ಬೇಗ ಬನ್ನಿ, ನಿಮ್ಮೋನು ಶಾಲೆ ಹತ್ರ ಮಲಗಿದಾನೆ.” ನೈಟಿ ಮೇಲೆ ವೇಲು ಹಾಕಿಕೊಂಡು ಓಡಿದೆ. ನಾನು ಕರೆದರೆ ಕೆಂಚ ಬರಲಿಲ್ಲ. ಸ್ಟೀಲ್ ತಟ್ಟೆ ತಟ್ಟಿದ ಸದ್ದಿಗೆ ಬಂದ. ಬಲೆ ಬಿದ್ದಾಗ ಒಂದು ಸಲ ನನ್ನ ಕಡೆ ನೋಡಿದ. ಅದನ್ನು ಬರೆಯಲ್ಲ.

ಪುಸ್ತಕದ ಹುಡುಗ ಬಂದು ನಿಂತ. “ಎಲ್ಲಿಂದ ಹಿಡಿದಿದ್ದು ಅಂತ ಬರೀಲಿ ಮೇಡಂ, ಶಾಲೇದಾ, ಬೀದೀದಾ? ಶಾಲೇದು ಅಂದ್ರೆ ಇಲ್ಲಿಗೆ ವಾಪಸ್ ಬಿಡೋ ಹಾಗಿಲ್ಲ.”

“ಬೀದೀದು” ಅಂದೆ. “ಖಾಲಿ ಸೈಟ್ ಹತ್ರ.”

“ಬಿಡೋವಾಗ ಫೋನ್ ಮಾಡೋಕೆ ಯಾರಾದ್ರೂ ನೋಡ್ಕೊಳ್ಳೋರು ಇದಾರಾ?”

ಅಕ್ಕ ಪೊರಕೆ ನೆಲಕ್ಕೂರಿ ನನ್ನ ಮುಖ ನೋಡುತ್ತಿದ್ದರು.

“ಇದಾರೆ” ಅಂದೆ.

“ಹೆಸರು?”

“ಕೆಂಚ.”

“ನಾಯೀದಲ್ಲ ಮೇಡಂ, ನಿಮ್ದು.”